‘ಶಬ್ದ’ ಪಾಠದಲ್ಲಿ ಮಾತನಾಡುವ ಗೊಂಬೆ: ಕಲಿತದ್ದು, ಎಡವಿದ್ದು, ತಿದ್ದಿಕೊಂಡದ್ದು

ಪೀಠಿಕೆ

ಬಿ.ಎಡ್. ಎರಡನೇ ವರ್ಷದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಪ್ರೌಢಶಾಲೆಯ 8ನೇ ತರಗತಿ, ವಿಜ್ಞಾನ ವಿಷಯ, ‘ಶಬ್ದ’ ಘಟಕ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇದೇನು ಕಷ್ಟದ ಪಾಠವಲ್ಲ. ಆದರೆ ಮೊದಲ ವರ್ಷದ ನನ್ನ ಪಾಠಗಳ ವೀಕ್ಷಣಾ ಹಾಳೆಗಳಲ್ಲಿ ಒಂದೇ ಟೀಕೆ ಮತ್ತೆ ಮತ್ತೆ ಬಂದಿತ್ತು: ‘ವಿಷಯ ಸರಿ ಇದೆ, ಧ್ವನಿಯಲ್ಲಿ ಏರಿಳಿತ ಇಲ್ಲ, ಮಕ್ಕಳು ತೊಡಗಿಕೊಳ್ಳುತ್ತಿಲ್ಲ.’ ಈ ಕೊರತೆಯನ್ನು ನೀಗಿಸಿಕೊಳ್ಳಲು ಮಾತನಾಡುವ ಗೊಂಬೆಯ ಕಲೆಯನ್ನು, ಅಂದರೆ ವೆಂಟ್ರಿಲೋಕ್ವಿಸಂ ಅನ್ನು, ಕಲಿಯಲು ಹೊರಟೆ. ಶಬ್ದದ ಪಾಠಕ್ಕೆ ಶಬ್ದದ ಕಲೆಯೇ ಬೋಧನೋಪಕರಣವಾದರೆ ಎಷ್ಟು ಚೆನ್ನ ಎಂಬ ಆಸೆಯೂ ಇತ್ತು.

ಆರು ವಾರ ಅಭ್ಯಾಸ ಮಾಡಿ, ಎರಡು ಪಾಠಗಳನ್ನು ಮಾಡಿದೆ. ಮೊದಲನೆಯದರಲ್ಲಿ ತರಗತಿ ನಕ್ಕಿತು, ಆದರೆ ನಾನು ಎಡವಿದೆ. ಎರಡನೆಯದು ಆ ಎಡವಟ್ಟನ್ನು ತಿದ್ದಿಕೊಳ್ಳಲು ಮಾಡಿದ ಪಾಠ. ಈ ಲೇಖನದಲ್ಲಿ ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಗೊಂಬೆ ಹಿಡಿಯಬೇಕೆಂದಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಇದರಿಂದ ಒಂದಿಷ್ಟು ಅನುಕೂಲವಾದೀತು.

ಕಲೆಯ ಹಿನ್ನೆಲೆ

ವೆಂಟ್ರಿಲೋಕ್ವಿಸಂ ಎಂಬ ಪದ ಲ್ಯಾಟಿನ್ನಿನದು. ‘ವೆಂಟರ್’ ಎಂದರೆ ಹೊಟ್ಟೆ, ‘ಲೋಕ್ವಿ’ ಎಂದರೆ ಮಾತನಾಡುವುದು. ತುಟಿ ಅಲ್ಲಾಡದೆ ಮಾತು ಬಂದರೆ ಅದು ಹೊಟ್ಟೆಯಿಂದಲೇ ಬಂತು, ಹೊಟ್ಟೆಯೊಳಗೆ ಯಾವುದೋ ಆತ್ಮ ಕುಳಿತು ಮಾತಾಡುತ್ತಿದೆ ಎಂದು ಪ್ರಾಚೀನ ಗ್ರೀಕರು ತಿಳಿದಿದ್ದರು. ಅಂಥವರನ್ನು ಭವಿಷ್ಯ ಕೇಳುವ ರೂಢಿಯೂ ಇತ್ತು. ಇದು ಮನುಷ್ಯ ಅಭ್ಯಾಸದಿಂದ ಗಳಿಸುವ ಕೌಶಲವೇ ಹೊರತು ದೆವ್ವದ ಆಟವಲ್ಲ ಎಂದು ವಿವರಿಸುವ ಪುಸ್ತಕವೊಂದನ್ನು ಫ್ರಾನ್ಸಿನ ಪಾದ್ರಿ ಲಾ ಶಾಪೆಲ್ 1772ರಲ್ಲಿ ಪ್ರಕಟಿಸಿದರು. ಆಮೇಲೆ ಇದು ನಿಧಾನಕ್ಕೆ ರಂಗದ ಮೇಲಿನ ಮನರಂಜನೆಯಾಯಿತು.

ನಮ್ಮ ದೇಶದಲ್ಲಿ ಈ ಕಲೆ ಎಂದೊಡನೆ ನೆನಪಾಗುವುದು ಮಹಾರಾಷ್ಟ್ರದ ಪಾಧ್ಯೆ ಮನೆತನ. ವೈ.ಕೆ. ಪಾಧ್ಯೆಯವರ ಗೊಂಬೆ ‘ಅರ್ಧವಟರಾವ್’ಗೆ ಆಮೇಲೆ ಅವರ ಮಗ ರಾಮದಾಸ್ ಪಾಧ್ಯೆ ಧ್ವನಿಯಾದರು. ಲಿಜ್ಜತ್ ಹಪ್ಪಳದ ಜಾಹೀರಾತಿನಲ್ಲಿ ಕಾಣುತ್ತಿದ್ದ ಮೊಲ ರಾಮದಾಸರದೇ. ಕನ್ನಡದವರಿಗೆ ಇಂದುಶ್ರೀ ಮತ್ತು ಅವರ ಗೊಂಬೆ ಡಿಂಕು ಪರಿಚಿತ. ನಮ್ಮ ತೊಗಲುಗೊಂಬೆ, ಸೂತ್ರದ ಗೊಂಬೆಯಾಟಗಳಲ್ಲಿ ಆಡಿಸುವವರು ಪರದೆಯ ಮರೆಯಲ್ಲಿರುತ್ತಾರೆ. ಈ ಕಲೆಯಲ್ಲಿ ಆಡಿಸುವವರು ಗೊಂಬೆಯ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಕುಳಿತಿರುತ್ತಾರೆ, ಮರೆಮಾಡುವುದು ತುಟಿಗಳ ಚಲನೆಯನ್ನು ಮಾತ್ರ.

ಅಮೆರಿಕದ ಎಡ್ಗರ್ ಬರ್ಗನ್ ತಮ್ಮ ಗೊಂಬೆ ಚಾರ್ಲಿ ಮೆಕಾರ್ಥಿಯೊಂದಿಗೆ 1937ರಿಂದ ರೇಡಿಯೋದಲ್ಲಿ ವರ್ಷಗಟ್ಟಲೆ ಕಾರ್ಯಕ್ರಮ ಕೊಟ್ಟರು. ರೇಡಿಯೋದಲ್ಲಿ ತುಟಿಯೇ ಕಾಣದು! ಆದರೂ ಜನ ಕೇಳಿದರು. ಗೊಂಬೆಗೆ ತನ್ನದೇ ಸ್ವಭಾವ, ತನ್ನದೇ ಮಾತಿನ ಧಾಟಿ ಇದ್ದರೆ ಅರ್ಧ ಕೆಲಸ ಆದಂತೆ ಎಂಬುದನ್ನು ನಾನು ಇದರಿಂದ ತಿಳಿದುಕೊಂಡೆ.

ಧ್ವನಿ ‘ಎಸೆಯುವುದು’ ನಿಜವೇ?

ಕಲಾವಿದರು ಧ್ವನಿಯನ್ನು ಗೊಂಬೆಯ ಬಾಯಿಗೆ ಎಸೆಯುತ್ತಾರೆ ಎಂಬ ಮಾತಿದೆ. ಭೌತಶಾಸ್ತ್ರದ ಪ್ರಕಾರ ಇದು ಸಾಧ್ಯವಿಲ್ಲ. ಶಬ್ದ ಹುಟ್ಟುವುದು ಮಾತನಾಡುವವರ ಧ್ವನಿಪೆಟ್ಟಿಗೆಯಲ್ಲಿ, ಹೊರಬರುವುದು ಅವರ ಬಾಯಿ ಮೂಗುಗಳಿಂದಲೇ. ಹಾಗಾದರೆ ಗೊಂಬೆ ಮಾತಾಡಿದಂತೆ ಅನ್ನಿಸುವುದೇಕೆ?

ಶಬ್ದದ ದಿಕ್ಕನ್ನು ನಾವು ಮುಖ್ಯವಾಗಿ ಎರಡು ಕಿವಿಗಳ ಹೋಲಿಕೆಯಿಂದ ತಿಳಿಯುತ್ತೇವೆ. ಎರಡು ಕಿವಿಗಳ ಅಂತರ ಸುಮಾರು 20 ಸೆಂಟಿಮೀಟರ್. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡಿದರೆ, ಪೂರ್ತಿ ಬಲಗಡೆಯಿಂದ ಬಂದ ಶಬ್ದ ಎಡಗಿವಿಗೆ ತಡವಾಗಿ ತಲುಪುವುದು ಸೆಕೆಂಡಿನ ಸಾವಿರದ ಒಂದು ಭಾಗದ ಅರ್ಧಕ್ಕಿಂತ ತುಸು ಹೆಚ್ಚು ಕಾಲ ಅಷ್ಟೇ. ಮಿದುಳು ಇಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಆದರೆ ಗೊಂಬೆ ನನ್ನ ಬಾಯಿಂದ 40 ಸೆಂಟಿಮೀಟರ್ ದೂರದಲ್ಲಿದ್ದು, ಮಗು 5 ಮೀಟರ್ ಆಚೆ ಕುಳಿತಿದ್ದರೆ ಇವೆರಡರ ನಡುವಿನ ಕೋನ 5 ಡಿಗ್ರಿಗಿಂತ ಕಡಿಮೆ. ಕಿವಿ ಇಲ್ಲಿ ಗಟ್ಟಿಯಾಗಿ ಸಾಕ್ಷಿ ಹೇಳಲಾರದು. ಕಣ್ಣಿಗೆ ಅಲ್ಲಾಡುವ ಬಾಯಿ ಒಂದೇ ಕಾಣುತ್ತದೆ, ಅದು ಗೊಂಬೆಯದು. ಮಿದುಳು ಕಣ್ಣಿನ ಮಾತನ್ನು ನಂಬುತ್ತದೆ. ಅಲೈಸ್ ಮತ್ತು ಬರ್ ಎಂಬ ಸಂಶೋಧಕರು 2004ರಲ್ಲಿ ತೋರಿಸಿದಂತೆ, ದೃಶ್ಯವನ್ನು ತುಂಬಾ ಮಸುಕು ಮಾಡಿದರೆ ಅದೇ ಮಿದುಳು ಕಿವಿಯ ಕಡೆ ವಾಲುತ್ತದೆ. ಹೆಚ್ಚು ಸ್ಪಷ್ಟವಾಗಿರುವ ಸಾಕ್ಷಿಗೆ ಹೆಚ್ಚು ತೂಕ ಎಂಬುದು ಅದರ ಲೆಕ್ಕ.

ಕನ್ನಡ ವರ್ಣಮಾಲೆಯೇ ನನ್ನ ಪಠ್ಯಪುಸ್ತಕ

ಕಲಿಕೆಗೆ ಬೇಕಾದದ್ದು ಒಂದು ಕನ್ನಡಿ, ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ. ಹಲ್ಲುಗಳು ಒಂದಕ್ಕೊಂದು ತಾಗಿಯೂ ತಾಗದಂತಿರಬೇಕು. ತುಟಿಗಳು ಮುಗುಳ್ನಗೆಯಲ್ಲಿರುವಂತೆ ಸ್ವಲ್ಪ ತೆರೆದು ಸಡಿಲವಾಗಿರಬೇಕು. ಕೆಲಸವೆಲ್ಲ ನಾಲಿಗೆಯದು. ಉಸಿರನ್ನು ಎದೆಯ ಮೇಲ್ಭಾಗದಿಂದಲ್ಲ, ವಪೆಯಿಂದ ದೂಡಬೇಕು. ಗಂಟಲು ಹಿಂಡಿ ಮಾತಾಡಿದರೆ ಎರಡೇ ದಿನದಲ್ಲಿ ಸ್ವರ ಕಟ್ಟುತ್ತದೆ. ನನಗೆ ಮೊದಲ ವಾರ ಹಾಗೇ ಆಯಿತು.

ಕನ್ನಡ ವರ್ಣಮಾಲೆಯಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಸ್ಥಾನದ ಪ್ರಕಾರವೇ ಜೋಡಿಸಿರುವುದರಿಂದ ಅಭ್ಯಾಸಕ್ಕೆ ಬೇರೆ ಪಟ್ಟಿ ಬೇಕಾಗಲಿಲ್ಲ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ: ಈ ನಾಲ್ಕು ವರ್ಗಗಳ 20 ಅಕ್ಷರಗಳಿಗೂ ತುಟಿ ಮುಚ್ಚಬೇಕಾಗಿಲ್ಲ. ತೊಂದರೆ ಇರುವುದು ಓಷ್ಠ್ಯವಾದ ಪ ವರ್ಗದ ಐದರಲ್ಲಿ ಮತ್ತು ಹಲ್ಲು ತುಟಿ ಎರಡೂ ಬೇಕಾದ ವಕಾರದಲ್ಲಿ. ಸ್ವರಗಳಲ್ಲಿ ಉ, ಊ, ಒ, ಓ, ಔ ತುಟಿಯನ್ನು ದುಂಡಗೆ ಮಾಡುತ್ತವೆ. ಇವನ್ನು ತುಟಿ ಅಲ್ಲಾಡಿಸದೆ ನಾಲಿಗೆಯ ಹಿಂಭಾಗ ಎತ್ತಿ ಹೇಳಲು ನನಗೆ ಮೂರು ವಾರ ಬೇಕಾಯಿತು.

ಪ ವರ್ಗಕ್ಕೆ ಉಪಾಯ ಬದಲಿ ಅಕ್ಷರ. ಪಕಾರಕ್ಕೆ ತಕಾರ, ಬಕಾರಕ್ಕೆ ದಕಾರ, ಮಕಾರಕ್ಕೆ ನಕಾರ. ಇಂಗ್ಲಿಷಿನಲ್ಲಿ ಇದು ಸುಲಭವಾಗಿ ಸಾಗುತ್ತದೆ. ಕನ್ನಡದಲ್ಲಿ ಒಂದು ತೊಡಕಿದೆ: ನಾವು ದಕಾರ ಡಕಾರಗಳನ್ನು ಬೇರೆ ಬೇರೆಯಾಗಿ ಕೇಳುವವರು. ನಾಲಿಗೆ ಸ್ವಲ್ಪ ಹಿಂದೆ ಹೋದರೂ ಬದಲಿ ಅಕ್ಷರ ಬಯಲಾಗುತ್ತದೆ. ಹಾಗಾಗಿ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಹಗುರವಾಗಿ ಇಟ್ಟು, ಮನಸ್ಸಿನಲ್ಲಿ ಬಕಾರವನ್ನೇ ನೆನೆದು ಹೇಳಬೇಕು. ಪರಿಚಿತ ಪದವಾದರೆ ಕೇಳುವವರ ಮಿದುಳು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಬದಲಾದ ಪದಕ್ಕೂ ಕನ್ನಡದಲ್ಲಿ ಅರ್ಥವಿದ್ದರೆ ಕೆಟ್ಟಿತು. ‘ಅಮ್ಮ’ ಹೋಗಿ ‘ಅನ್ನ’ ಆಗುತ್ತದೆ, ‘ಅಪ್ಪ’ ‘ಅತ್ತ’ ಆಗುತ್ತಾನೆ, ‘ಬನ’ ‘ದನ’ವಾಗುತ್ತದೆ. ಮನೆಯಲ್ಲಿ ನಾನು ಗೊಂಬೆಯಿಂದ ‘ಅಮ್ಮಾ’ ಎಂದು ಕೂಗಿಸಿದಾಗ ಅಮ್ಮ ನಿಜವಾಗಿಯೂ ತಟ್ಟೆ ಹಾಕಿದರು.

ಹಳೆಯ ಕಾಲುಚೀಲ, ರಟ್ಟು, ಎರಡು ಗುಂಡಿ, ಸ್ವಲ್ಪ ಹತ್ತಿಯಿಂದ ಗೊಂಬೆ ಮಾಡಿದೆ. ಮೊದಲು ಇಟ್ಟ ಹೆಸರು ‘ಪುಟ್ಟಪ್ಪ’. ತನ್ನ ಹೆಸರನ್ನೇ ಹೇಳಲಾಗದ ಗೊಂಬೆಯಾಯಿತು ಅದು! ಆಮೇಲೆ ‘ಕಿಟ್ಟಿ’ ಎಂದು ಬದಲಿಸಿದೆ. ಗೊಂಬೆಯ ಬಾಯಿ ಆಡಿಸುವಾಗ ಮೇಲಿನ ಬೆರಳುಗಳನ್ನು ಎತ್ತಬಾರದು, ಹೆಬ್ಬೆರಳನ್ನು ಕೆಳಗಿಳಿಸಬೇಕು. ಇಲ್ಲದಿದ್ದರೆ ಮಾತಿಗೊಮ್ಮೆ ಗೊಂಬೆ ಆಕಾಶ ನೋಡುತ್ತದೆ. ಒಂದು ಅಕ್ಷರಕ್ಕೆ ಒಮ್ಮೆ ಬಾಯಿ ತೆರೆಯಬೇಕು. ಗೊಂಬೆ ಮಾತಾಡುವಾಗ ನಾನು ಅದನ್ನೇ ನೋಡಬೇಕು, ಏಕೆಂದರೆ ನಾನು ನೋಡುವ ಕಡೆಗೇ ಮಕ್ಕಳೂ ನೋಡುತ್ತಾರೆ.

ಮೊದಲ ಪಾಠ

ಪಾಠಯೋಜನೆ ಬರೆಯುವಾಗ ಒಂದು ಸ್ವಾರಸ್ಯ ಗಮನಕ್ಕೆ ಬಂತು. ಈ ಘಟಕದ ಮುಖ್ಯ ಪದಗಳಾದ ಶಬ್ದ, ಕಂಪನ, ಮಾಧ್ಯಮ, ಆವೃತ್ತಿ, ಪಾರ ಇವುಗಳಲ್ಲಿ ಒಂದನ್ನೂ ಕಿಟ್ಟಿ ಸರಿಯಾಗಿ ಹೇಳಲಾರ. ಎಲ್ಲದರಲ್ಲೂ ತುಟಿಯ ಅಕ್ಷರಗಳಿವೆ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ: ಕಿಟ್ಟಿ ಪ್ರಶ್ನೆ ಮಾತ್ರ ಕೇಳಬೇಕು, ಪಾರಿಭಾಷಿಕ ಪದವನ್ನು ನಾನೇ ಹೇಳಿ ಕಪ್ಪುಹಲಗೆಯ ಮೇಲೆ ಬರೆಯಬೇಕು. ತೊಡಗಿಸಿಕೊಳ್ಳುವ ಹಂತದ ಸಂಭಾಷಣೆ ಹೀಗಿತ್ತು:

ನಾನು: ಕಿಟ್ಟಿ, ಎಲ್ಲರಿಗೂ ನಮಸ್ಕಾರ ಹೇಳು.
ಕಿಟ್ಟಿ: ಹೇಳಲ್ಲ! ನನಗೆ ನಾಚಿಕೆ.
(ನಾನು ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದು, ಕೂಡಲೇ ಕೈಯಿಂದ ಹಿಡಿಯುವುದು)
ಕಿಟ್ಟಿ: ಟೀಚರ್, ತಟ್ಟೆ ಹಿಡಿದರೆ ಸದ್ದೇ ಇಲ್ಲ! ಅದ್ಯಾಕೆ?
ನಾನು: ಮಕ್ಕಳೇ, ತಟ್ಟೆ ಮುಟ್ಟಿ ನೋಡಿ ಕಿಟ್ಟಿಗೆ ನೀವೇ ಹೇಳಿ.
ಮಕ್ಕಳು: ನಡುಗ್ತಾ ಇದೆ!
ನಾನು: ಈ ನಡುಕಕ್ಕೆ ‘ಕಂಪನ’ ಎನ್ನುತ್ತೇವೆ.
ಕಿಟ್ಟಿ: ನನ್ನ ಗಂಟಲಲ್ಲಿ ಹತ್ತಿ ಇದೆ. ಹತ್ತಿ ಅಲ್ಲಾಡೀತಾ?

ತರಗತಿ ನಗೆಯಿಂದ ತುಂಬಿತು. ಹಿಂದಿನ ಬೆಂಚಿನವರು ಮುಂದೆ ಬಂದರು. ಸದಾ ಸುಮ್ಮನಿರುವ ಹುಡುಗರು ಕಿಟ್ಟಿಗೆ ಉತ್ತರ ಹೇಳಲು ಕೈ ಎತ್ತಿದರು. ತಪ್ಪು ಹೇಳಿದರೂ ಅದು ಗೊಂಬೆಗೆ ಹೇಳಿದ್ದಲ್ಲವೇ, ನಾಚಿಕೆಯಿಲ್ಲ. ಧ್ವನಿಯ ಏರಿಳಿತದ ಕಾಲಂನಲ್ಲಿ ನನಗೆ ಮೊದಲ ಬಾರಿ ಒಳ್ಳೆಯ ಅಂಕ ಬಂತು.

ಅವಧಿ ಮುಗಿಯುವ ಮುನ್ನ ಐದು ಪ್ರಶ್ನೆಗಳ ಚೀಟಿ ಪರೀಕ್ಷೆ ಕೊಟ್ಟಿದ್ದೆ. ಸಂಜೆ ಕಾಲೇಜಿನಲ್ಲಿ ಚೀಟಿಗಳನ್ನು ತಿದ್ದಲು ಕುಳಿತಾಗ ಎರಡು ವಿಷಯಗಳು ಕಂಡವು. ಮೊದಲನೆಯದು, ‘ಕಿಟ್ಟಿಯ ಮಾತಿನ ಶಬ್ದ ಎಲ್ಲಿ ಉಂಟಾಯಿತು?’ ಎಂಬ ಪ್ರಶ್ನೆಗೆ 11 ಮಕ್ಕಳು ‘ಗೊಂಬೆಯ ಹೊಟ್ಟೆಯಲ್ಲಿ’, ‘ಹತ್ತಿಯಲ್ಲಿ’ ಎಂದೇ ಬರೆದಿದ್ದರು. ಹತ್ತಿಯ ಪ್ರಶ್ನೆಯನ್ನು ಎತ್ತಿದ ನಾನು ಅದಕ್ಕೆ ಉತ್ತರಿಸುವ ಮೊದಲೇ ಗಂಟೆ ಬಾರಿಸಿತ್ತು. ಶಬ್ದದ ಬಗ್ಗೆ ಪಾಠ ಮಾಡಲು ಹೋಗಿ ಶಬ್ದದ ಬಗ್ಗೆಯೇ ಒಂದು ತಪ್ಪು ಕಲ್ಪನೆಯನ್ನು ನಾನೇ ಬಿತ್ತಿ ಬಂದಿದ್ದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಒಂದು ಚೀಟಿಯಲ್ಲಿ ಹೆಸರು, ದಿನಾಂಕ ಬಿಟ್ಟರೆ ಏನೂ ಇರಲಿಲ್ಲ. ಅಕ್ಷರ ಮಾತ್ರ ಮುತ್ತಿನಂತಿತ್ತು.

ಖಾಲಿ ಚೀಟಿಯ ಹುಡುಗಿ

ಮರುದಿನ ತರಗತಿ ಶಿಕ್ಷಕರನ್ನು ಕೇಳಿದೆ. ‘ಅವಳಿಗೆ ಕಿವಿ ಸ್ವಲ್ಪ ಮಂದ. ಶ್ರವಣ ಸಾಧನ ಇದೆ, ಎಲ್ಲರೂ ನೋಡ್ತಾರೆ ಅಂತ ಹಾಕ್ಕೊಳ್ಳಲ್ಲ. ಬಾಯಿ ನೋಡಿಕೊಂಡು ತಿಳ್ಕೊಳ್ತಾಳೆ’ ಎಂದರು. ಬೋಧನಾಭ್ಯಾಸದ ಮೊದಲ ದಿನ ನಾನು ತರಗತಿಯ ಸಂಖ್ಯೆ, ವೇಳಾಪಟ್ಟಿ, ಘಟಕ ಎಲ್ಲ ಬರೆದುಕೊಂಡಿದ್ದೆ. ಯಾವ ಮಗುವಿಗೆ ಏನು ಬೇಕು ಎಂದು ಕೇಳಿರಲಿಲ್ಲ. ತಪ್ಪು ನನ್ನದೇ.

ಊಟದ ಬಿಡುವಿನಲ್ಲಿ ಅವಳ ಪಕ್ಕ ಹೋಗಿ ಕುಳಿತೆ. ಪಾಠ ಹೇಗಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ನೀವು ಗೊಂಬೆ ಹಿಡ್ಕೊಂಡು ಸುಮ್ನೆ ಕೂತಿದ್ರಿ. ಎಲ್ರೂ ಯಾಕೆ ನಗ್ತಿದ್ರು ಅಂತ ಗೊತ್ತಾಗ್ಲಿಲ್ಲ. ನಾನೂ ನಕ್ಕೆ.’

ಆ ಮಾತು ಕೇಳಿ ನಾನೂ ಸುಮ್ಮನಾದೆ. ಆರು ವಾರ ಕನ್ನಡಿಯ ಮುಂದೆ ನಾನು ಸಾಧಿಸಿದ್ದೇನು? ತುಟಿಯನ್ನು ಮರೆಮಾಡುವುದನ್ನು. ಆ ಮಗು ಎಂಟು ವರ್ಷಗಳ ಶಾಲೆಯಲ್ಲಿ ಒಬ್ಬಳೇ ಸಾಧಿಸಿದ್ದೇನು? ತುಟಿಯನ್ನು ಓದುವುದನ್ನು. ನನಗೆ ಕಷ್ಟವಾದ ಪ, ಬ, ಮ ಅಕ್ಷರಗಳೇ ಅವಳ ಕಣ್ಣಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಅಕ್ಷರಗಳು. ಬಾಯಿಯೊಳಗೇ ಹುಟ್ಟುವ ಕ, ಗ, ಟ, ಡ ನನಗೆ ಸುಲಭ, ಅವಳಿಗೆ ಅಗೋಚರ. ಕಿಟ್ಟಿಯ ಮಾತಿಗೆ ನಾನು ಹುಡುಕಿ ಹುಡುಕಿ ಆರಿಸಿದ ಪದಗಳೆಲ್ಲ ಅವಳಿಗೆ ಕಾಣದ ಪದಗಳೇ ಆಗಿದ್ದವು.

ಇನ್ನೂ ಒಂದಿತ್ತು. ವೀಕ್ಷಣೆಗೆಂದು ಸಹಪಾಠಿಯೊಬ್ಬರು ಮಾಡಿದ್ದ ವಿಡಿಯೋವನ್ನು ಶಬ್ದ ಬಂದ್ ಮಾಡಿ ನೋಡಿದೆ. ನನ್ನದೇ ಮಾತುಗಳನ್ನು ಆಡುವಾಗಲೂ ನನ್ನ ತುಟಿಗಳು ಸೋಮಾರಿಯಾಗಿದ್ದವು, ಮುಖ ಅರ್ಧ ಗೊಂಬೆಯ ಕಡೆಗೆ ತಿರುಗಿತ್ತು. ‘ಕಂಪನ’ ಎಂದದ್ದು ಕಪ್ಪುಹಲಗೆಯ ಕಡೆ ಮುಖ ಮಾಡಿ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ‘ಶ್ರವಣದೋಷವುಳ್ಳ ಮಗುವಿಗೆ ಮುಖ ಕಾಣುವಂತೆ ನಿಂತು ಮಾತನಾಡಬೇಕು’ ಎಂದು ನಾನೇ ಬರೆದು ಅಂಕ ಪಡೆದಿದ್ದೆ. ಶಬ್ದವಿಲ್ಲದ ಆ ವಿಡಿಯೋ ನೋಡುವವರೆಗೆ ಆ ವಾಕ್ಯದ ಅರ್ಥ ನನಗೆ ತಿಳಿದಿರಲಿಲ್ಲ.

ಎರಡನೇ ಪಾಠ

ಗೊಂಬೆಯನ್ನು ಪೆಟ್ಟಿಗೆಗೆ ಹಾಕಿಬಿಡೋಣ ಎಂದುಕೊಂಡೆ. ಮಾರ್ಗದರ್ಶಕ ಉಪನ್ಯಾಸಕರು ಒಂದೇ ಮಾತು ಹೇಳಿದರು: ‘ಗೊಂಬೆ ತಪ್ಪು ಮಾಡಿಲ್ಲ. ಗುಟ್ಟು ಇಟ್ಟುಕೊಂಡಿದ್ದು ನೀನು. ಗುಟ್ಟನ್ನೇ ಪಾಠ ಮಾಡು.’ ಅದರಂತೆ ಮುಂದಿನ ಅವಧಿಯನ್ನು ಹೀಗೆ ಯೋಜಿಸಿದೆ. ಕುಳಿತುಕೊಳ್ಳುವ ವ್ಯವಸ್ಥೆಯನ್ನು ಅರ್ಧವೃತ್ತಕ್ಕೆ ಬದಲಿಸಿದೆ, ಎಲ್ಲರಿಗೂ ನನ್ನ ಮುಖ ಕಾಣುವಂತೆ ಕಿಟಕಿಗೆ ಎದುರಾಗಿ ನಿಂತೆ. ಕಿಟ್ಟಿಯ ಮಾತುಗಳನ್ನು ಮೊದಲೇ ದೊಡ್ಡ ಅಕ್ಷರದ ಪಟ್ಟಿಗಳಲ್ಲಿ ಬರೆದಿದ್ದೆ, ಮಾತಿನ ಜೊತೆಗೆ ಪಟ್ಟಿ ಎತ್ತುತ್ತಿದ್ದೆ.

ಚಟುವಟಿಕೆ 1: ಎಲ್ಲರೂ ಗಂಟಲ ಮೇಲೆ ಬೆರಳಿಟ್ಟು ‘ಆ’ ಎನ್ನುವುದು. ಆಮೇಲೆ ಒಬ್ಬೊಬ್ಬರಾಗಿ ಬಂದು, ಕಿಟ್ಟಿ ಮಾತಾಡುವಾಗ ಕಿಟ್ಟಿಯ ಗಂಟಲನ್ನು ಮುಟ್ಟಿ ನೋಡುವುದು. ಅಲ್ಲಿ ನಡುಕವಿಲ್ಲ. ನನ್ನ ಗಂಟಲ ಮೇಲೆ ನಾನೇ ಬಲೂನು ಒತ್ತಿ ಹಿಡಿದೆ, ಬಲೂನು ಮುಟ್ಟಿದವರ ಬೆರಳಿಗೆ ನಡುಕ ತಿಳಿಯಿತು. ಹತ್ತಿಯ ಪ್ರಶ್ನೆ ತಾನಾಗಿ ಬಗೆಹರಿಯಿತು. ಧ್ವನಿತಂತುಗಳ ಉದ್ದ ಗಂಡಸರಲ್ಲಿ ಸುಮಾರು 20 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 15 ಮಿಲಿಮೀಟರ್ ಎಂಬುದನ್ನೂ, ಆವೃತ್ತಿ ಹೆಚ್ಚಿದರೆ ಸ್ಥಾಯಿ ಏರುತ್ತದೆ ಎಂಬುದನ್ನೂ ಕಿಟ್ಟಿಯ ಕೀರಲು ಧ್ವನಿಯೊಂದಿಗೆ ಹೋಲಿಸಿ ಹೇಳಿದೆ.

ಚಟುವಟಿಕೆ 2: ಒಬ್ಬರು ಕಣ್ಣುಮುಚ್ಚಿ, ಒಂದು ಮೀಟರ್ ಉದ್ದದ ರಬ್ಬರ್ ಕೊಳವೆಯ ಎರಡು ತುದಿಗಳನ್ನು ಎರಡು ಕಿವಿಗಳಿಗೆ ಹಿಡಿಯುವುದು. ಇನ್ನೊಬ್ಬರು ಕೊಳವೆಯ ನಡುವಿನಿಂದ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಟ್ಟಿದರೆ ಯಾವ ಕಡೆ ಎಂದು ಹೇಳಬೇಕು. ಕೆಲವೇ ಸೆಂಟಿಮೀಟರ್ ಸರಿದರೂ ಮಕ್ಕಳು ಸರಿಯಾಗಿ ಹೇಳಿದರು. ಇಷ್ಟು ಚುರುಕಾದ ಕಿವಿ ಕಿಟ್ಟಿಯ ಮುಂದೆ ಏಕೆ ಸೋತಿತು ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು.

ಚಟುವಟಿಕೆ 3: ಜೋಡಿಗೊಂದು ಸಣ್ಣ ಕನ್ನಡಿ. ಕ ದಿಂದ ಮ ವರೆಗೆ ನಿಧಾನವಾಗಿ ಹೇಳುತ್ತಾ ಎಲ್ಲಿ ತುಟಿ ಮುಚ್ಚುತ್ತದೆ ಎಂದು ಗುರುತಿಸುವುದು. ಬಳಿಕ ಧ್ವನಿಯಿಲ್ಲದೆ ಬಾಯಿ ಮಾತ್ರ ಆಡಿಸಿ ಒಂದು ಪದ ಹೇಳುವುದು, ಜೊತೆಗಾರರು ಓದುವುದು. ಈ ಚಟುವಟಿಕೆ ಮಾಡಬಹುದೇ ಎಂದು ಹಿಂದಿನ ದಿನವೇ ಆ ಹುಡುಗಿಯನ್ನು ಕೇಳಿದ್ದೆ. ‘ನನ್ನೊಬ್ಬಳನ್ನೇ ನಿಲ್ಲಿಸಬೇಡಿ’ ಎಂದಿದ್ದಳು. ಅದಕ್ಕೇ ಇಡೀ ತರಗತಿಗೆ ಜೋಡಿ ಕೆಲಸವಾಗಿ ಕೊಟ್ಟೆ.

ಹೆಚ್ಚಿನ ಮಕ್ಕಳಿಗೆ ಒಂದು ಪದವೂ ಸಿಗಲಿಲ್ಲ. ಅವಳು ಜೊತೆಗಾರ್ತಿಯ ನಾಲ್ಕು ಪದಗಳಲ್ಲಿ ಮೂರನ್ನು ಹೇಳಿದಳು. ಅಕ್ಕಪಕ್ಕದ ಜೋಡಿಗಳು ತಿರುಗಿ ನೋಡಿದವು. ‘ಮಾತು’ ಎಂದದ್ದನ್ನು ಅವಳು ‘ಬಾತು’ ಎಂದು ಓದಿದ್ದಳು. ಏಕೆ ಎಂದು ಯಾರೋ ಕೇಳಿದಾಗ ಅವಳೇ ವಿವರಿಸಿದಳು: ಪ, ಬ, ಮ ಮೂರಕ್ಕೂ ಬಾಯಿ ಒಂದೇ ಥರ ಕಾಣುತ್ತದೆ, ಮುಂದಿನ ಮಾತು ನೋಡಿ ಊಹಿಸಬೇಕು. ನಾನು ತಯಾರಿಸಿಕೊಂಡಿದ್ದ ವಿವರಣೆಗಿಂತ ಅದು ಚೆನ್ನಾಗಿತ್ತು. ಅವಳ ಮಾತಿಗೆ ಜೋಡಿಸಿ, ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಿದೆ: ಕಿವಿಗೆ ‘ಬ’ ಕೇಳಿಸಿ, ಕಣ್ಣಿಗೆ ‘ಗ’ ಎನ್ನುವ ಬಾಯಿ ತೋರಿಸಿದರೆ ಬಹುಪಾಲು ಜನ ‘ದ’ ಎಂದು ಕೇಳುತ್ತಾರೆ. ಕೇಳುವ ಕೆಲಸ ಕಿವಿಯೊಂದರದಲ್ಲ, ನಾವೆಲ್ಲರೂ ಸ್ವಲ್ಪ ಸ್ವಲ್ಪ ತುಟಿ ಓದುವವರೇ.

ಈ ಬಾರಿಯ ಚೀಟಿ ಪರೀಕ್ಷೆಯಲ್ಲಿ ‘ಗೊಂಬೆಯ ಹೊಟ್ಟೆ’ ಎಂದು ಬರೆದವರು ಇಬ್ಬರು. ಆ ಹುಡುಗಿ ಐದರಲ್ಲಿ ಮೂರಕ್ಕೆ ಸರಿಯುತ್ತರ ಬರೆದಿದ್ದಳು. ಸ್ಥಾಯಿ ಮತ್ತು ತೀವ್ರತೆಯ ವ್ಯತ್ಯಾಸ ಅವಳಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ, ರಬ್ಬರ್ ಬ್ಯಾಂಡಿನ ಕಂಪನದಿಂದ ತೋರಿಸಬೇಕಿತ್ತು ಎಂದು ನನ್ನ ಪ್ರತಿಫಲನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಗುಟ್ಟು ಬಯಲಾದ ಮೇಲೆ ಕಿಟ್ಟಿಯನ್ನು ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ‘ಇವತ್ತು ಕಿಟ್ಟಿ ತಂದಿಲ್ವಾ?’ ಎಂದು ಮುಂದಿನ ವಾರವೂ ಕೇಳಿದರು.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಗೊಂಬೆಯ ಹೆಸರು, ಮಾತು ಎರಡರಲ್ಲೂ ಪ ವರ್ಗ, ವಕಾರ, ದುಂಡು ತುಟಿಯ ಸ್ವರಗಳು ಆದಷ್ಟು ಕಡಿಮೆ ಇರಲಿ. ಪಾರಿಭಾಷಿಕ ಪದವನ್ನು ಗೊಂಬೆಯಿಂದ ಹೇಳಿಸಬೇಡಿ. ಮಗು ಮೊದಲ ಬಾರಿ ಕೇಳುವ ಪದ ಶುದ್ಧವಾಗಿರಬೇಕು.
2. ಗೊಂಬೆ ಕೇಳಲಿ, ಮಕ್ಕಳು ಉತ್ತರಿಸಲಿ. ಗೊಂಬೆಯೇ ಪಾಠ ಹೇಳಿದರೆ ಅದು ಪ್ರದರ್ಶನವಾಗುತ್ತದೆ.
3. 40 ನಿಮಿಷದ ಅವಧಿಯಲ್ಲಿ ಗೊಂಬೆಗೆ 7ರಿಂದ 8 ನಿಮಿಷ ಸಾಕು. ಗಂಟಲಿಗೂ ಅಷ್ಟೇ ಸಾಕು.
4. ಗೊಂಬೆ ಎತ್ತಿದ ಪ್ರಶ್ನೆಗೆ ಅದೇ ಅವಧಿಯಲ್ಲಿ ಉತ್ತರ ಸಿಗಲಿ. ವಿಜ್ಞಾನ ತರಗತಿಯಲ್ಲಿ ಗುಟ್ಟನ್ನು ಬಿಚ್ಚಿ ತೋರಿಸದೆ ಮುಗಿಸಬೇಡಿ.
5. ಗೊಂಬೆಯ ಮಾತನ್ನು ಬರೆದ ಪಟ್ಟಿಗಳಿರಲಿ. ನಿಮ್ಮ ಮಾತನ್ನು ಆಡುವಾಗ ಗೊಂಬೆಯನ್ನು ಕೆಳಗಿಟ್ಟು, ಮಕ್ಕಳ ಕಡೆ ಮುಖ ಮಾಡಿ, ತುಟಿಗಳನ್ನು ಪೂರ್ತಿ ಆಡಿಸಿ.
6. ನಿಮ್ಮ ಪಾಠದ ವಿಡಿಯೋವನ್ನು ಒಮ್ಮೆಯಾದರೂ ಶಬ್ದವಿಲ್ಲದೆ ನೋಡಿ.
7. ಎಲ್ಲಕ್ಕಿಂತ ಮೊದಲು, ಶಾಲೆಗೆ ಹೋದ ದಿನವೇ ತರಗತಿ ಶಿಕ್ಷಕರನ್ನು ಕೇಳಿ: ಯಾರಿಗೆ ಸರಿಯಾಗಿ ಕೇಳಿಸುವುದಿಲ್ಲ, ಯಾರಿಗೆ ಕಾಣಿಸುವುದಿಲ್ಲ, ಯಾರು ಕೇಳಿಸಿದಂತೆ ನಗುತ್ತಾರೆ?

ಉಪಸಂಹಾರ

ಬೋಧನಾಭ್ಯಾಸ ಮುಗಿದಿದೆ. ಕನ್ನಡಿಯ ಮುಂದಿನ ಅಭ್ಯಾಸವನ್ನು ಬಿಟ್ಟಿಲ್ಲ, ಆದರೆ ಅದರಲ್ಲಿ ಒಂದು ಭಾಗ ಹೆಚ್ಚಾಗಿದೆ. ಮೊದಲ ಹತ್ತು ನಿಮಿಷ ತುಟಿ ಅಲ್ಲಾಡಿಸದೆ ಕಿಟ್ಟಿಯ ಮಾತು. ಮುಂದಿನ ಹತ್ತು ನಿಮಿಷ ಧ್ವನಿಯೇ ಇಲ್ಲದೆ, ತುಟಿಯಿಂದಷ್ಟೇ ನನ್ನ ಪಾಠ. ಎರಡನೆಯದೇ ಹೆಚ್ಚು ಕಷ್ಟ. ಕನ್ನಡಿಯಲ್ಲಿ ನನ್ನ ಬಾಯಿಯನ್ನು ನಾನೇ ಓದಲು ಇನ್ನೂ ಕಲಿಯುತ್ತಿದ್ದೇನೆ.